ಓದುಗರ ಪ್ರಶ್ನೆ: ಉಪನ್ಯಾಸಗಳಿಲ್ಲದೆ ಸಮ್ಮೇಳನ ನಡೆಸಬಹುದೇ?

ಪ್ರಶ್ನೆ: ನಾನು ಒಂದು ವೃತ್ತಿಪರ ಸಂಘದ ಕಾರ್ಯದರ್ಶಿ. ಪ್ರತಿವರ್ಷ ನಾವು ಒಂದು ದಿನದ ಸಮ್ಮೇಳನ ನಡೆಸುತ್ತೇವೆ. ಆರು ಉಪನ್ಯಾಸ, ಒಂದು ವಿಚಾರಗೋಷ್ಠಿ, ಕೊನೆಗೆ ವಂದನಾರ್ಪಣೆ. ಬಂದವರು ಹಿಂದಿನ ಸಾಲುಗಳಲ್ಲಿ ಕುಳಿತು ಫೋನ್ ನೋಡುತ್ತಿರುತ್ತಾರೆ. ಊಟದ ವಿರಾಮದಲ್ಲಿ ಮಾತ್ರ ಮಾತಿಗೆ ಕಳೆಕಟ್ಟುತ್ತದೆ. ಈ ಸಲ ಕಾರ್ಯಸೂಚಿಯನ್ನು ಭಾಗವಹಿಸುವವರೇ ಅಂದೇ ರೂಪಿಸಿಕೊಳ್ಳಲಿ ಎಂದು ನಾನು ಸೂಚಿಸಿದರೆ, ಸಮಿತಿಯ ಹಿರಿಯರು ‘ಅದು ಸಂತೆಯಾಗುತ್ತದೆ’ ಎನ್ನುತ್ತಾರೆ. ಸುಮಾರು 60 ಮಂದಿ ಬರಬಹುದು. ಸಿದ್ಧತೆ ಹೇಗಿರಬೇಕು?

ಉತ್ತರ: ನಿಮ್ಮ ಹಿರಿಯರು ಆಕ್ಷೇಪಿಸಲು ಬಳಸಿದ ಪದವೇ ಈ ಪದ್ಧತಿಯ ಬುಡದಲ್ಲಿದೆ. ಅಮೆರಿಕದ ಹ್ಯಾರಿಸನ್ ಓವನ್ 1983ರಲ್ಲಿ ಸುಮಾರು 250 ಮಂದಿಯ ಸಮ್ಮೇಳನವೊಂದನ್ನು ವರ್ಷವಿಡೀ ಶ್ರಮಿಸಿ ಸಂಘಟಿಸಿದರು. ಎಲ್ಲ ಮುಗಿದ ಮೇಲೆ ಅವರೂ ಬಂದವರೂ ಒಪ್ಪಿಕೊಂಡದ್ದು, ಅದರಲ್ಲಿ ನಿಜವಾಗಿ ಉಪಯೋಗಕ್ಕೆ ಬಂದದ್ದು ಕಾಫಿ ವಿರಾಮಗಳು ಎಂಬುದನ್ನು. 1985ರಲ್ಲಿ ಅವರು ಪ್ರಯೋಗಿಸಿದ ‘ಓಪನ್ ಸ್ಪೇಸ್’ ಪದ್ಧತಿಯಲ್ಲಿ ಎಲ್ಲರೂ ವೃತ್ತಾಕಾರವಾಗಿ ಕುಳಿತುಕೊಳ್ಳುತ್ತಾರೆ, ಚರ್ಚಿಸಬೇಕೆನಿಸಿದ ವಿಷಯವನ್ನು ಬರೆದು ಗೋಡೆಗೆ ಅಂಟಿಸುತ್ತಾರೆ, ಬಳಿಕ ಸಂತೆಯಲ್ಲಿ ಅಂಗಡಿ ನೋಡಿ ನಿಲ್ಲುವಂತೆ ತಮಗೆ ಬೇಕಾದ ಗುಂಪಿಗೆ ಹೋಗುತ್ತಾರೆ. ಸಂತೆಯಲ್ಲಿ ಯಾರು ಏನು ಕೊಳ್ಳಬೇಕೆಂದು ಯಾರೂ ಗೊತ್ತುಮಾಡುವುದಿಲ್ಲ. ಆದರೆ ಸಂತೆಯ ದಿನ, ಜಾಗ, ಹೊತ್ತು ಮೊದಲೇ ಗೊತ್ತಿರುತ್ತವೆ. ನಿಮ್ಮ ಸಿದ್ಧತೆಯೆಲ್ಲ ಈ ಎರಡನೆಯ ಭಾಗಕ್ಕೆ ಸೇರಿದ್ದು.

ಮೊದಲು ಬೇಕಾದದ್ದು ಒಂದು ಒಳ್ಳೆಯ ಪ್ರಶ್ನೆ, ಮತ್ತು ಬಹುತೇಕ ಸಂಘಟಕರು ಎಡವುವುದು ಇಲ್ಲಿಯೇ. ‘ನಮ್ಮ ವೃತ್ತಿಯ ಭವಿಷ್ಯ’ ಎಂಬುದು ಆಮಂತ್ರಣ ಪತ್ರಿಕೆಯಲ್ಲಿ ಚೆನ್ನಾಗಿ ಕಾಣುವ ಶೀರ್ಷಿಕೆಯೇ ಹೊರತು ಯಾರನ್ನೂ ಬಾಯಿ ಬಿಡಿಸುವ ಪ್ರಶ್ನೆಯಲ್ಲ. ‘ಹೊಸದಾಗಿ ಸೇರಿದವರು ಎರಡು ವರ್ಷಗಳೊಳಗೆ ವೃತ್ತಿಯನ್ನೇ ಬಿಟ್ಟು ಹೋಗದಿರಲು ನಾವು ಏನು ಮಾಡಬಲ್ಲೆವು?’ ಎಂದು ಕೇಳಿ ನೋಡಿ. ಆಮಂತ್ರಣ ಕೈಗೆ ಬಂದ ದಿನದಿಂದಲೇ ಜನ ಮನಸ್ಸಿನಲ್ಲಿ ಉತ್ತರ ಹುಡುಕಲು ತೊಡಗುತ್ತಾರೆ. ಇದಕ್ಕಾಗಿ ಸಮಿತಿ ಒಂದಿಡೀ ಸಭೆಯನ್ನು ಮೀಸಲಿಟ್ಟರೂ ನಷ್ಟವಿಲ್ಲ.

ಎರಡನೆಯದು ಗೋಡೆಯ ಮೇಲಿನ ಖಾಲಿ ಚೌಕಟ್ಟು. 60 ಮಂದಿಗೆ ಐದು ಜಾಗ, 45 ನಿಮಿಷಗಳ ನಾಲ್ಕು ಸುತ್ತು ಎಂದಿಟ್ಟುಕೊಳ್ಳಿ. ಅಲ್ಲಿಗೆ ಚೌಕಟ್ಟಿನಲ್ಲಿ 20 ಮನೆಗಳಾದವು, ಒಂದೊಂದು ಮನೆಯೂ ಒಂದು ಚರ್ಚೆಗೆ. ಸಮವಾಗಿ ಹಂಚಿದರೆ ಗುಂಪಿಗೆ ಹನ್ನೆರಡು ಮಂದಿ. ಸಮವಾಗಿ ಹಂಚಿಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ಸುತ್ತುಗಳ ನಡುವೆ ಕಾಲು ಗಂಟೆ ಬಿಡಿ. ಆ ಕಾಲು ಗಂಟೆಯನ್ನು ಕಬಳಿಸಲು ಎಲ್ಲರೂ ಹೊಂಚು ಹಾಕುತ್ತಾರೆ, ಬಿಟ್ಟುಕೊಡಬೇಡಿ. ಸಭಾಂಗಣವನ್ನು ಗೊತ್ತುಮಾಡುವ ಮುನ್ನ ಕುರ್ಚಿಗಳನ್ನು ನೆಲಕ್ಕೆ ಬಿಗಿದಿಲ್ಲವೆಂದು ಖಚಿತಪಡಿಸಿಕೊಳ್ಳಿ.

ಇನ್ನು ಆರಂಭದ ಕ್ಷಣ. ನಾನು ನಡೆಸಿಕೊಟ್ಟ ಮೊದಲ ಸಭೆಯಲ್ಲಿ, ‘ಚರ್ಚಿಸಬೇಕೆನಿಸಿದ್ದನ್ನು ಬರೆದು ಗೋಡೆಗೆ ಹಚ್ಚಿ’ ಎಂದು ಹೇಳಿ ಕುಳಿತೆ. ಯಾರೂ ಏಳಲಿಲ್ಲ. ಒಬ್ಬರು ಕನ್ನಡಕ ಒರೆಸಿಕೊಂಡರು, ಇನ್ನೊಬ್ಬರು ನೆಲದ ಮೇಲಿದ್ದ ಮಾರ್ಕರ್‌ಗಳ ಡಬ್ಬಿಯನ್ನೇ ದಿಟ್ಟಿಸುತ್ತಿದ್ದರು. ಸುಮ್ಮನಿರಲಾರದೆ ನಾನೇ ಒಂದು ವಿಷಯ ಸೂಚಿಸಲು ಬಾಯಿ ತೆರೆಯುವಷ್ಟರಲ್ಲಿ, ಕೊನೆಯಲ್ಲಿ ಕುಳಿತಿದ್ದ ಅತ್ಯಂತ ಕಿರಿಯ ಸದಸ್ಯೆ ಎದ್ದು ಬಂದು ಎರಡು ಸಾಲು ಬರೆದು ಅಂಟಿಸಿದರು. ಆಮೇಲೆ ಮಾರ್ಕರ್‌ಗಳೇ ಸಾಲಲಿಲ್ಲ. ಆ ಮೌನವನ್ನು ತಡೆದುಕೊಳ್ಳುವುದನ್ನು ಸಂಘಟಕರು ಕಲಿಯಬೇಕು. ನೀವು ಮೊದಲು ಬರೆದರೆ ಉಳಿದವರೆಲ್ಲ ನಿಮ್ಮ ಅಭಿರುಚಿಗೆ ತಕ್ಕಂತೆ ಬರೆಯುತ್ತಾರೆ.

ಓವನ್ ಅವರ ‘ಎರಡು ಕಾಲುಗಳ ನಿಯಮ’ವನ್ನೂ ಆರಂಭದಲ್ಲೇ ಹೇಳಬೇಕು. ನೀವು ಕುಳಿತ ಗುಂಪಿನಲ್ಲಿ ಕಲಿಯುವುದೂ ಇಲ್ಲ, ಕೊಡುವುದೂ ಇಲ್ಲ ಎನಿಸಿದರೆ, ಬೇಸರ ಮಾಡಿಕೊಳ್ಳದೆ ಎದ್ದು ಬೇರೆ ಗುಂಪಿಗೆ ಹೋಗಬಹುದು ಎಂಬುದೇ ಆ ನಿಯಮ. ಹಿರಿಯರು ಮಾತನಾಡುತ್ತಿರುವಾಗ ಎದ್ದು ಹೋಗಲು ಸಂಕೋಚಪಡುವವರೇ ಹೆಚ್ಚು. ಆದ್ದರಿಂದ ಅಧ್ಯಕ್ಷರೇ ಮೊದಲ ಸುತ್ತಿನಲ್ಲಿ ಒಮ್ಮೆ ಎದ್ದು ಬೇರೆ ಗುಂಪಿಗೆ ಹೋದರೆ, ಹತ್ತು ಸಲ ಹೇಳುವುದಕ್ಕಿಂತ ಅದು ಹೆಚ್ಚು ಫಲ ಕೊಡುತ್ತದೆ.

ಪ್ರಶ್ನೆ: ಮಾತಿನ ಮಲ್ಲರೊಬ್ಬರು ಇಡೀ ಗುಂಪನ್ನು ಆಕ್ರಮಿಸಿಕೊಂಡರೆ? ಮೇಲಧಿಕಾರಿಗಳ ಎದುರು ಕಿರಿಯರು ಮಾತನಾಡುತ್ತಾರೆಯೇ?

ಉತ್ತರ: ಮೊದಲ ತೊಂದರೆಗೆ ‘ಫಿಶ್‌ಬೌಲ್’ ಎಂಬ ಸರಳ ಏರ್ಪಾಡಿದೆ. ನಡುವೆ ಐದು ಕುರ್ಚಿ, ಸುತ್ತಲೂ ಉಳಿದವರು. ನಡುವೆ ಕುಳಿತವರು ಮಾತ್ರ ಮಾತನಾಡಬಹುದು, ಆದರೆ ಅಲ್ಲಿ ಒಂದು ಕುರ್ಚಿ ಯಾವಾಗಲೂ ಖಾಲಿ ಇರಬೇಕು. ಹೊರಗಿನವರು ಬಂದು ಅದರಲ್ಲಿ ಕುಳಿತೊಡನೆ ಒಳಗಿದ್ದವರಲ್ಲಿ ಒಬ್ಬರು ಏಳಲೇಬೇಕು. ಯಾರನ್ನೂ ಬಾಯಿ ಮುಚ್ಚಿ ಎನ್ನದೆ ಕುರ್ಚಿಯೇ ಆ ಕೆಲಸ ಮಾಡುತ್ತದೆ.

ಎರಡನೆಯದು ಇಷ್ಟು ಸುಲಭವಲ್ಲ. ಲಂಡನ್‌ನ ಚಾಟಮ್ ಹೌಸ್ ಸಂಸ್ಥೆ 1927ರಲ್ಲಿ ರೂಪಿಸಿದ ನಿಯಮದ ಪ್ರಕಾರ, ಸಭೆಯಲ್ಲಿ ಕೇಳಿದ್ದನ್ನು ಹೊರಗೆ ಬಳಸಬಹುದು, ಆದರೆ ಹೇಳಿದವರು ಯಾರು, ಯಾವ ಸಂಸ್ಥೆಯವರು ಎಂಬುದನ್ನು ಬಯಲು ಮಾಡುವಂತಿಲ್ಲ. ಇದನ್ನು ಮೊದಲೇ ಎಲ್ಲರಿಂದ ಒಪ್ಪಿಸಿಕೊಳ್ಳಿ. ಆದರೆ ಮೇಲಧಿಕಾರಿ ಎದುರಿಗೇ ಕುಳಿತಿರುವಾಗ ಈ ನಿಯಮ ಯಾರನ್ನೂ ಕಾಪಾಡುವುದಿಲ್ಲ. ಕೆಲವು ಗುಂಪುಗಳಿಂದ ಅವರು ತಾವಾಗಿಯೇ ದೂರವಿರುವಂತೆ ಮುಂಚಿತವಾಗಿ ವಿನಂತಿಸುವುದು ಲೇಸು.

ಪ್ರಶ್ನೆ: ಹಾಗಾದರೆ ಉಪನ್ಯಾಸ ಬೇಡವೇ ಬೇಡವೇ?

ಉತ್ತರ: ಹಾಗೇನಿಲ್ಲ. ಹೊಸ ಕಾನೂನು ಬಂದಿದ್ದರೆ, ಹೊಸ ಉಪಕರಣ ಬಳಸುವುದನ್ನು ಕಲಿಯಬೇಕಿದ್ದರೆ, ತಿಳಿದ ಒಬ್ಬರು ಹೇಳಿ ಉಳಿದವರು ಕೇಳುವುದೇ ಸರಿ. ತೀರ್ಮಾನ ಆಗಲೇ ಆಗಿಹೋಗಿದ್ದು ಜನರ ಒಪ್ಪಿಗೆಯ ಮುದ್ರೆಯಷ್ಟೇ ಬೇಕಿದ್ದರಂತೂ ಈ ಪದ್ಧತಿಯತ್ತ ಸುಳಿಯಬೇಡಿ. ಮೋಸ ಹೋದೆವೆಂದು ತಿಳಿದವರು ಮುಂದಿನ ವರ್ಷ ಬರುವುದಿಲ್ಲ. 2005ರ ಆಗಸ್ಟ್‌ನಲ್ಲಿ ಅಮೆರಿಕದ ಪಾಲೊ ಆಲ್ಟೊದಲ್ಲಿ ನಡೆದ ಮೊದಲ ಬಾರ್‌ಕ್ಯಾಂಪ್ (ಬಂದವರೇ ಕಾರ್ಯಸೂಚಿ ರೂಪಿಸಿಕೊಳ್ಳುವ ಕೂಟ) ಒಂದು ವಾರಕ್ಕೂ ಕಡಿಮೆ ಅವಧಿಯಲ್ಲಿ ಸಿದ್ಧವಾಯಿತೆಂಬುದನ್ನು ಕೇಳಿ ಹಲವರು ಉಬ್ಬುತ್ತಾರೆ. ಅಲ್ಲಿ ಸೇರಿದ್ದವರು ಇಂಥ ಕೂಟಗಳ ರೀತಿಯನ್ನು ಬಲ್ಲ ತಂತ್ರಜ್ಞರು. ನಿಮ್ಮವರಿಗೆ ಇದು ಮೊದಲ ಸಲ. ಬೆಳಗ್ಗೆ ಒಂದು ಉಪನ್ಯಾಸ ಇಟ್ಟು, ಅನಂತರ ಎರಡೇ ಸುತ್ತು ಚರ್ಚೆ ಇಟ್ಟುಕೊಂಡರೂ ಸಾಕು.

ಪ್ರಶ್ನೆ: ವರದಿ ಇಲ್ಲದಿದ್ದರೆ ಪ್ರಾಯೋಜಕರು ಒಪ್ಪುವುದಿಲ್ಲ.

ಉತ್ತರ: ವಿಷಯ ಸೂಚಿಸಿದವರೇ ತಮ್ಮ ಗುಂಪಿನ ಒಂದು ಪುಟದ ಟಿಪ್ಪಣಿಗೆ ಹೊಣೆ. ಬಂದವರ ಹೆಸರು, ಬಗೆಹರಿದದ್ದು, ಬಗೆಹರಿಯದೆ ಉಳಿದದ್ದು, ಮುಂದೆ ಯಾರು ಏನು ಮಾಡುತ್ತಾರೆ ಎಂಬ ನಾಲ್ಕು ಅಂಶ ಅದರಲ್ಲಿ ಸಾಕು. ಯಾವ ಮಾತು ಯಾರದೆಂದು ಬರೆಯಬಾರದು, ಪ್ರಾಯೋಜಕರಿಗೆ ಕಳುಹಿಸುವ ಪ್ರತಿಯಲ್ಲಿ ಹೆಸರುಗಳನ್ನೇ ತೆಗೆಯಬೇಕು. ಮರುದಿನ ಬರೆಯುತ್ತೇನೆ ಎಂದವರು ಬರೆಯುವುದಿಲ್ಲ, ಆದ್ದರಿಂದ ಪ್ರತಿ ಸುತ್ತಿನ ಕೊನೆಯ ಐದು ನಿಮಿಷ ಅದಕ್ಕೇ ಮೀಸಲಿಡಿ. ಗೋಡೆಯ ಛಾಯಾಚಿತ್ರವನ್ನು ಕೊನೆಯ ಸುತ್ತು ಆರಂಭವಾಗುವ ಮೊದಲೇ ತೆಗೆದುಕೊಳ್ಳಿ. ಕಾರ್ಯಕ್ರಮ ಮುಗಿಯುತ್ತಿದ್ದಂತೆ ಸಭಾಂಗಣದವರು ಬಂದು ಅದನ್ನೆಲ್ಲ ಕಿತ್ತು ಕಸದ ಬುಟ್ಟಿಗೆ ಹಾಕಿರುತ್ತಾರೆ.