ಟೈಗರ್ ಮಾತ್ ಸೇನೆಯ ವಿಮಾನ ಅಲ್ವಾ, ಫ್ಲೈಯಿಂಗ್ ಕ್ಲಬ್‌ಗಳಿಗೆ ಹೇಗೆ ಬಂತು? ಅದರ ರೆಕ್ಕೆ ಯಾಕೆ ಹಿಂದಕ್ಕೆ ವಾಲಿದೆ?

ಹೌದು, ಹುಟ್ಟಿದ್ದು ಸೇನೆಯ ತರಬೇತಿಗೇ. ಬ್ರಿಟನ್ನಿನ ಡಿ ಹ್ಯಾವಿಲ್ಯಾಂಡ್ ಕಂಪನಿಯ ಈ ಎರಡು ಸೀಟಿನ ವಿಮಾನ ಮೊದಲು ಹಾರಿದ್ದು 1931ರಲ್ಲಿ. ತಯಾರಾದದ್ದು 8,000ಕ್ಕೂ ಜಾಸ್ತಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೇನೆಗೆ ಇಷ್ಟೊಂದು ಬೇಡವಾಯಿತು, ಅಗ್ಗಕ್ಕೆ ಮಾರಿದರು. ಫ್ಲೈಯಿಂಗ್ ಕ್ಲಬ್‌ಗಳು ಕೊಂಡುಕೊಂಡವು, ನಮ್ಮ ದೇಶದಲ್ಲೂ ಬಳಸಿದವು. ನ್ಯೂಜಿಲೆಂಡ್‌ನಲ್ಲಂತೂ ಇದರಿಂದ ಗೊಬ್ಬರವನ್ನೂ ಚೆಲ್ಲಿದರು!

ರೆಕ್ಕೆಯ ಕಥೆ ನನಗೆ ಬಲು ಇಷ್ಟ. ಹಳೆ ಮಾದರಿಯಲ್ಲಿ ಮೇಲಿನ ರೆಕ್ಕೆ ಮುಂದಿನ ಸೀಟಿನ ನೆತ್ತಿ ಮೇಲೇ ಇತ್ತು. ಪ್ಯಾರಾಶೂಟ್ ಕಟ್ಟಿಕೊಂಡವರು ಅಪಾಯ ಬಂದರೆ ಹೊರಗೆ ಜಿಗಿಯುವುದೆಲ್ಲಿಂದ? ಅದಕ್ಕೆ ರೆಕ್ಕೆಯ ನಡುಭಾಗವನ್ನು ಮುಂದಕ್ಕೆ ಸರಿಸಿದರು. ಆಗ ತೂಕದ ಲೆಕ್ಕ ತಪ್ಪಿತು. ತುದಿಗಳನ್ನು ಹಿಂದಕ್ಕೆ ವಾಲಿಸಿ ಸರಿ ಮಾಡಿದರು.

ಇನ್ನೊಂದು, ರೆಕ್ಕೆಗೆ ತಗಡಿಲ್ಲ. ಕಟ್ಟಿಗೆಯ ಚೌಕಟ್ಟಿಗೆ ಬಟ್ಟೆ ಹೊದಿಸಿ ಡೋಪ್ ಅನ್ನೋ ದ್ರವ ಬಳಿಯುತ್ತಾರೆ. ಅದು ಒಣಗುತ್ತಾ ಬಟ್ಟೆ ಬಿಗಿಯಾಗುತ್ತದೆ. ನಮ್ಮ ಹುಬ್ಬಳ್ಳಿಯಲ್ಲಿ ಹೋಳಿ ಹುಣ್ಣಿಮೆಗೆ ಬಾರಿಸೋ ಹಲಗೆ ವಾದ್ಯವನ್ನು ಬೆಂಕಿಗೆ ಕಾಯಿಸುತ್ತೇವಲ್ಲ, ಅದೇ ಥರ. ಬೆರಳಲ್ಲಿ ತಟ್ಟಿದರೆ ಡಬ್ ಅನ್ನಬೇಕು.

ವೇಗ ಗಂಟೆಗೆ ಸುಮಾರು 140 ಕಿ.ಮೀ. ಹುಬ್ಬಳ್ಳಿಯಿಂದ ಗದಗಿಗೆ ಅರ್ಧ ಗಂಟೆಯೂ ಬೇಡ. ಆದರೆ ಖಾಲಿ ತೂಕ 500 ಕೆ.ಜಿ. ಆಸುಪಾಸು, ಮೂಲ ವಿಮಾನಕ್ಕೆ ಬ್ರೇಕೂ ಇಲ್ಲ. ನಮ್ಮ ಆಷಾಢದ ಗಾಳಿಯಲ್ಲಿ ಇದನ್ನು ನೆಲದ ಮೇಲೆ ತಿರುಗಿಸಬೇಕೆಂದರೆ ಯಾರಾದರೂ ರೆಕ್ಕೆ ಹಿಡಿದು ಜೊತೆಗೇ ನಡೆಯಬೇಕಾಗುತ್ತದೆ.