ಒಬ್ಬ ಸ್ಟಾಪರ್ ಇಲ್ಲ ಅಂತ ಮೂರು ಜಾಗ ಕದಲಿಸಬೇಡಿ

ನಮಸ್ಕಾರ. ನೀವು ಬರೆದದ್ದನ್ನು ಎರಡು ಸಲ ಓದಿದೆ. ಭಾನುವಾರ ನಿಮ್ಮ ಫುಟ್‌ಬಾಲ್ ತಂಡಕ್ಕೆ ಕ್ವಾರ್ಟರ್ ಫೈನಲ್, ಸೋತರೆ ಮನೆಗೆ. 35 ನಿಮಿಷದ ಎರಡು ಹಾಫ್, ಸಮ ಆದರೆ ಎಕ್ಸ್‌ಟ್ರಾ ಟೈಮ್ ಇಲ್ಲ, ನೇರ ಟೈಬ್ರೇಕರ್, ಅಂದರೆ ಪೆನಾಲ್ಟಿ ಕಿಕ್. ಎರಡು ಹಳದಿ ಕಾರ್ಡ್ ಆಗಿ ನಿಮ್ಮ ಮುಖ್ಯ ಸ್ಟಾಪರ್ (ಹಿಂದೆ, ನಡುವೆ ನಿಂತು ತಡೆಯುವ ಡಿಫೆಂಡರ್) ಆಡುವ ಹಾಗಿಲ್ಲ. ಎದುರಾಳಿಗಳಲ್ಲಿ ಆರಡಿ ಎತ್ತರದ ಸ್ಟ್ರೈಕರ್ ಒಬ್ಬ, ಎಡಗಡೆಯಿಂದ ನುಗ್ಗುವ ವಿಂಗರ್ ಒಬ್ಬ. ಮಡಿಕೇರಿ ಕಡೆ ಮಳೆ ಬೇರೆ ಬಿಟ್ಟಿಲ್ಲ. ಅದಕ್ಕೇ ಕ್ಯಾಪ್ಟನ್‌ನನ್ನು ಮಿಡ್‌ಫೀಲ್ಡ್‌ನಿಂದ ಹಿಂದಕ್ಕೆ ಎಳೆದು ಸ್ಟಾಪರ್ ಮಾಡಿ, ರೈಟ್ ವಿಂಗರ್‌ನನ್ನು ನಡುವೆ ತಂದು 4-3-3 (ಹಿಂದೆ ನಾಲ್ವರು, ನಡುವೆ ಮೂವರು, ಮುಂದೆ ಮೂವರು) ಆಡಿಸಲಾ ಅಂತ ಕೇಳಿದ್ದೀರಿ. ಬೆಂಚ್‌ನಲ್ಲಿ 19 ವರ್ಷದ ಸ್ಟಾಪರ್ ಹುಡುಗ ಇದ್ದಾನೆ, ಆದರೆ ಅನುಭವ ಸಾಲದು ಅನ್ನುತ್ತೀರಿ.

ಬೇಡ. ಆ ಹುಡುಗನನ್ನೇ ಆಡಿಸಿ.

ಇದೇ ತಪ್ಪು ನಾನು ಮಾಡಿದ್ದೇನೆ, ಅದಕ್ಕೇ ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆ. ಅದೂ ನಾಕೌಟ್ ಮ್ಯಾಚೇ. ನಮ್ಮ ಸ್ಟಾಪರ್‌ಗೆ ಜ್ವರ. ಕ್ಯಾಪ್ಟನ್ ಗಟ್ಟಿಮುಟ್ಟಾಗಿದ್ದಾನೆ ಅಂತ ಅವನನ್ನು ಹಿಂದೆ ಹಾಕಿದೆ. ಹಿಂದೆ ಅವನು ಚೆನ್ನಾಗಿಯೇ ಆಡಿದ. ಆದರೆ ಹೆಡ್ ಮಾಡಿ ಆಚೆ ಹಾಕಿದ ಪ್ರತಿ ಬಾಲ್ ನಡುವೆ ಬಿದ್ದು ಎದುರಾಳಿ ಕಾಲಿಗೇ ಸಿಗುತ್ತಿತ್ತು. ಅಲ್ಲಿ ಅದನ್ನು ಗೆಲ್ಲುತ್ತಿದ್ದವನೇ ಈಗ ಹಿಂದೆ ನಿಂತಿದ್ದ. ಹಾಫ್ ಟೈಮ್‌ಗೆ 2-0. ಎರಡನೇ ಗೋಲು ಆದಾಗ ಅವನು ಬಾಕ್ಸ್ ಅಂಚಿನಲ್ಲಿ ಸೊಂಟದ ಮೇಲೆ ಕೈಯಿಟ್ಟು, ಸೆಂಟರ್ ಸರ್ಕಲ್ ಕಡೆಗೇ ನೋಡುತ್ತಾ ನಿಂತಿದ್ದ. ಆ ನೋಟ ಇವತ್ತಿಗೂ ಮರೆತಿಲ್ಲ. ಒಂದು ತೂತು ಮುಚ್ಚಲು ಹೋಗಿ ಇನ್ನೆರಡು ತೂತು ನಾನೇ ಮಾಡಿದ್ದೆ.

ದೊಡ್ಡ ತಂಡಗಳಿಗೂ ಇಂಥ ದಿನ ಬರುತ್ತದೆ. 2016ರ ಎಎಫ್‌ಸಿ ಕಪ್ (ಏಷ್ಯಾದ ಕ್ಲಬ್‌ಗಳ ಟೂರ್ನಿ) ಫೈನಲ್ ನೆನಪಿದೆಯಾ? ಬೆಂಗಳೂರು ಎಫ್‌ಸಿಯ ಕೀಪರ್ ಅಮರಿಂದರ್ ಸಿಂಗ್ ಕಾರ್ಡ್‌ನಿಂದಾಗಿ ಹೊರಗೆ. ಎರಡನೇ ಕೀಪರ್ ಲಾಲ್‌ಥುಅಮ್ಮಾವಿಯಾ ರಾಲ್ಟೆ ದೋಹಾದಲ್ಲಿ ನೇರ ಫೈನಲ್‌ಗೆ ಇಳಿದ. ಇರಾಕಿನ ಏರ್ ಫೋರ್ಸ್ ಕ್ಲಬ್ ಗೆದ್ದಿತು ನಿಜ, ಆದರೆ ಒಂದೇ ಗೋಲಿನಿಂದ. ಬೆಂಚ್‌ನಲ್ಲಿರುವವನನ್ನು ನಾವು ಸಾಕುವುದೇ ಇಂಥ ದಿನಕ್ಕೆ, ಅಲ್ವಾ?

ಹುಡುಗನಿಗೆ ಕೆಲಸ ಮಾತ್ರ ಸುಲಭ ಮಾಡಿಕೊಡಿ. ಎತ್ತರದವನ ಜೊತೆ ಹಾರುವುದು ಅನುಭವಿ ಸ್ಟಾಪರ್‌ನ ಕೆಲಸ. ಹುಡುಗನಿಗೆ ಒಂದೇ ಮಾತು ಹೇಳಿ: 'ಅವನು ಹಾರಿದಾಗ ನೀನು ಹಾರಬೇಡ, ನಾಲ್ಕು ಹೆಜ್ಜೆ ಹಿಂದೆ ಇರು, ಬಿದ್ದದ್ದನ್ನು ಹೊರಗೆ ಹೊಡೆ.' ಪಾಸ್ ಹುಡುಕುವುದು ಬೇಡ, ಥ್ರೋ ಹೋದರೂ ಪರವಾಗಿಲ್ಲ. ಕ್ಯಾಪ್ಟನ್ ಅವನ ಮುಂದೆಯೇ, ತನ್ನ ಹಳೇ ಜಾಗದಲ್ಲೇ ಇರಲಿ. ಶುಕ್ರವಾರದ ಪ್ರಾಕ್ಟೀಸ್‌ಗೆ ಅಮಾನತಾದ ಸ್ಟಾಪರ್‌ನನ್ನು ಖಂಡಿತ ಕರೆಸಿ. ಎದುರಾಳಿ ಸ್ಟ್ರೈಕರ್ ಪಾತ್ರ ಅವನೇ ಮಾಡಲಿ. ಇಪ್ಪತ್ತು ಕ್ರಾಸ್ ಹಾಕಿಸಿ, ಹುಡುಗನನ್ನು ಭುಜಕ್ಕೆ ಭುಜ ಕೊಟ್ಟು ತಳ್ಳಲಿ. ಆಡಿಸುತ್ತೇನೆ ಅನ್ನುವುದನ್ನೂ ಶುಕ್ರವಾರವೇ ಹೇಳಿಬಿಡಿ, ವಾಟ್ಸಾಪ್‌ನಲ್ಲಿ ಅಲ್ಲ, ಪಕ್ಕಕ್ಕೆ ಕರೆದು, ಮುಖ ನೋಡಿ. ಭಾನುವಾರ ಬೆಳಿಗ್ಗೆ ಗೊತ್ತಾದರೆ ಕಾಲು ನಡುಗುತ್ತದೆ.

ಫಾರ್ಮೇಶನ್ 4-4-2 ಇರಲಿ, ಬಾಲ್ ಕಳಕೊಂಡಾಗ ಒಬ್ಬ ಸ್ಟ್ರೈಕರ್ ಕೆಳಗಿಳಿದು 4-4-1-1 ಆಗಲಿ. 4-3-3ರಲ್ಲಿ ಬಲಗಡೆ ಮುಂದಿರುವವನು ಮೇಲೆಯೇ ನಿಂತುಬಿಟ್ಟರೆ ರೈಟ್ ಬ್ಯಾಕ್ ಒಬ್ಬನೇ ಎದುರಾಳಿಯ ಆ ಚುರುಕು ವಿಂಗರ್‌ನ ಕೈಗೆ ಸಿಗುತ್ತಾನೆ. ಎತ್ತರದವನ ತಲೆಗೆ ಬಾಲ್ ಬರುವುದೇ ಆ ಕಡೆಯಿಂದ. ಅಲ್ಲಿ ಕ್ರಾಸ್ ನಿಂತರೆ ಅರ್ಧ ಕೆಲಸ ಆಯಿತು. ಆ ವಿಂಗರ್ ಯಾವ ಕಾಲಿನವನು ಅಂತ ನೋಡಿದ್ದೀರಾ? ಎಡಗಾಲಿನವನಾದರೆ ಗೆರೆ ಕಡೆ ದಾರಿ ಮುಚ್ಚಿ ಒಳಗೆ ತಿರುಗಿಸಿ, ಅಲ್ಲಿ ಕ್ಯಾಪ್ಟನ್ ಇರುತ್ತಾನೆ. ಬಲಗಾಲಿನವನಾದರೆ ಒಳಗೆ ಬಂದು ಹೊಡೆಯಲು ನೋಡುತ್ತಾನೆ, ಆಗ ಒಳಗಿನ ದಾರಿ ಮುಚ್ಚಿ ಗೆರೆಗೆ ಒತ್ತಿ. ರೈಟ್ ಬ್ಯಾಕ್‌ಗೆ ಗಡಿಬಿಡಿ ಬೇಡ. ಕಾಲು ಚಾಚಿ ಮಲಗಿದರೆ ಕೆಸರಲ್ಲಿ ಏಳುವಷ್ಟರಲ್ಲಿ ಅವನು ಹೋಗಿರುತ್ತಾನೆ.

ಗ್ರೌಂಡ್ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ. ನನಗೆ ಅದೇ ಮುಖ್ಯ ಅನಿಸುತ್ತದೆ. ಶನಿವಾರ ಸಂಜೆ ಮಳೆ ನಿಂತ ಮೇಲೆ ಒಂದು ಬಾಲ್ ಹಿಡಿದುಕೊಂಡು ಹೋಗಿ. ಎದೆಮಟ್ಟದಿಂದ ಅಲ್ಲಲ್ಲಿ ಬೀಳಿಸುತ್ತಾ ನಡೆಯಿರಿ. ಎಲ್ಲಿ ಪುಟಿಯದೆ ಪಚಕ್ ಅಂತ ಕೂತುಬಿಡುತ್ತದೋ ಆ ಜಾಗ ಹುಡುಗರಿಗೆಲ್ಲ ತೋರಿಸಿ. ಅಲ್ಲಿಂದ ಕೀಪರ್‌ಗೆ ಹಿಂದಕ್ಕೆ ಪಾಸ್ ಕೊಡಲೇಬಾರದು. ನಾನು ಕಂಡ ಮಳೆಗಾಲದ ಗೋಲುಗಳಲ್ಲಿ ಎಷ್ಟೋ ಅಲ್ಲೇ ಹುಟ್ಟಿದವು. ಟಾಸ್ ಗೆದ್ದರೆ, 2019ರ ನಿಯಮದ ಪ್ರಕಾರ ಕಿಕ್ ಆಫ್ ಅಥವಾ ಸೈಡ್ ಎರಡರಲ್ಲಿ ಒಂದು ಆರಿಸಿಕೊಳ್ಳಬಹುದು. ನೀವು ಸೈಡ್ ಆರಿಸಿ. ಕೆಸರು ಜಾಸ್ತಿ ಇರುವ ಗೋಲನ್ನು ಮೊದಲ ಹಾಫ್‌ನಲ್ಲಿ ಕಾಯಿರಿ, ಕಾಲಲ್ಲಿ ಕಸುವು ಇರುವಾಗಲೇ. ಕೊನೇ ಹತ್ತು ನಿಮಿಷ ಆ ಕೆಸರು ಎದುರಾಳಿ ಸ್ಟಾಪರ್‌ಗಳ ಕಾಲಡಿ ಇರಲಿ.

ಬೂಟ್ ಕೂಡ ಶನಿವಾರವೇ ನೋಡಿ. ಟರ್ಫ್ ಶೂನಲ್ಲಿ ಬರುವವರು ಒಬ್ಬಿಬ್ಬರು ಇದ್ದೇ ಇರುತ್ತಾರೆ. ಗೋಲ್ ನೆಟ್ ಒಳಗೆ ಕೀಪರ್‌ಗೆ ಒಣ ಟವಲ್. ಒದ್ದೆ ಬಾಲ್ ಹಿಡಿಯಲು ಆಗದಿದ್ದರೆ ಪಕ್ಕಕ್ಕೆ ತಳ್ಳಲಿ, ಮುಂದಕ್ಕೆ ಅಲ್ಲ.

ಫ್ರೀ ಕಿಕ್ ಬಗ್ಗೆ ಒಂದು ಮಾತು. 2023ರ ಮಾರ್ಚ್ 3, ಕಂಠೀರವದಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ನಾಕೌಟ್, ಬೆಂಗಳೂರು ಮತ್ತು ಕೇರಳ ಬ್ಲಾಸ್ಟರ್ಸ್. ಎಕ್ಸ್‌ಟ್ರಾ ಟೈಮ್‌ನ 96ನೇ ನಿಮಿಷ. ಎದುರಾಳಿಗಳು ಇನ್ನೂ ಸಜ್ಜಾಗುವ ಮೊದಲೇ ಸುನಿಲ್ ಛೇತ್ರಿ ಫ್ರೀ ಕಿಕ್ ಹೊಡೆದೇಬಿಟ್ಟ. ಗೋಲು. ಕೇರಳದ ಕೋಚ್ ತಂಡವನ್ನೇ ಹೊರಗೆ ಕರೆದುಕೊಂಡು ಹೋದರು, ಆದರೆ ಗೋಲು ಗೋಲೇ ಆಯಿತು. ಹಾಗಾಗಿ ವಿಸಿಲ್ ಆದ ಕೂಡಲೇ ಯಾರೂ ಬಾಲ್‌ಗೆ ಬೆನ್ನು ಹಾಕಬಾರದು. ರೆಫರಿ ಜೊತೆ ಮಾತಾಡುವುದು ಕ್ಯಾಪ್ಟನ್ ಒಬ್ಬನೇ, ಉಳಿದ ಹತ್ತು ಜನರ ಕಣ್ಣು ಬಾಲ್ ಮೇಲೆ.

ಇನ್ನು ಟೈಬ್ರೇಕರ್. ಐದು ಹೆಸರು ಬರೆದಿಟ್ಟಿದ್ದೀರಿ, ಸಾಲದು. ಹನ್ನೊಂದೂ ಬರೆಯಿರಿ. 2023ರ ಅದೇ ಮಾರ್ಚ್‌ನ ಐಎಸ್‌ಎಲ್ ಸೆಮಿಫೈನಲ್‌ನಲ್ಲಿ ಬೆಂಗಳೂರು ಮುಂಬೈ ಸಿಟಿಯನ್ನು ಸೋಲಿಸಿದ್ದು ಟೈಬ್ರೇಕರ್‌ನಲ್ಲಿ 9-8ರಿಂದ. ಮುಂಬೈನ ಒಂಬತ್ತನೇ ಕಿಕ್ ಬೆಂಗಳೂರು ಕೀಪರ್ ಗುರ್‌ಪ್ರೀತ್ ತಡೆದ, ಬೆಂಗಳೂರಿನ ಒಂಬತ್ತನೆಯದನ್ನು ಒಳಗೆ ಹಾಕಿದ್ದು ಸ್ಟಾಪರ್ ಸಂದೇಶ್ ಝಿಂಗನ್. ಹಾಗಾಗಿ ನಿಮ್ಮ 19ರ ಹುಡುಗನೂ ಹೊಡೆದು ಅಭ್ಯಾಸ ಮಾಡಲಿ. ಸುಮ್ನೆ ನಿಂತು ಅಲ್ಲ, ಗ್ರೌಂಡ್ ನಾಲ್ಕು ಸುತ್ತು ಓಡಿ ಏದುಸಿರು ಬಿಡುವಾಗ. ಪಂದ್ಯ ಮುಗಿದಾಗ ಒಳಗೆ ಇದ್ದವರು ಮಾತ್ರ ಹೊಡೆಯಬಹುದು ಅನ್ನುವುದು ನೆನಪಿರಲಿ. ಒಳ್ಳೇ ಕಿಕ್ಕರ್‌ನನ್ನು 60ನೇ ನಿಮಿಷಕ್ಕೆ ಹೊರಗೆ ಕರೆದು ಆಮೇಲೆ ಕೈ ಹಿಸುಕಿಕೊಳ್ಳಬೇಡಿ.

ಎರಡನೇ ಕೀಪರ್ ಪೆನಾಲ್ಟಿ ಚೆನ್ನಾಗಿ ತಡೆಯುತ್ತಾನೆ, ಕೊನೆಗೆ ಇಳಿಸಲಾ ಅಂತಲೂ ಕೇಳಿದ್ದೀರಿ. 2014ರ ವಿಶ್ವಕಪ್‌ನಲ್ಲಿ ಕೋಸ್ಟರಿಕ ಎದುರು ನೆದರ್ಲೆಂಡ್ಸ್ ಟಿಮ್ ಕ್ರುಲ್‌ನನ್ನು ಹೀಗೇ ಇಳಿಸಿ, ಅವನು ಎರಡು ಕಿಕ್ ತಡೆದು ಗೆದ್ದದ್ದು ನಿಜ. ಆದರೆ ಹೊರಗೆ ಹೋದ ಸಿಲೆಸ್ಸನ್‌ಗೆ ಮೊದಲೇ ಹೇಳಿರಲಿಲ್ಲ, ಅವನು ಸಿಟ್ಟಾಗಿದ್ದ. ನೀವು ಇಳಿಸುವುದಾದರೆ ಇಬ್ಬರಿಗೂ ಶನಿವಾರವೇ ಹೇಳಿ, ಒಂದು ಸಬ್ (ಆಟಗಾರ ಬದಲಿಸುವ ಅವಕಾಶ) ಅದಕ್ಕೇ ಉಳಿಸಿ. ಮ್ಯಾಚ್ ಪೂರ್ತಿ ಚೆನ್ನಾಗಿ ಆಡಿದ ಕೀಪರ್ ಆದರೆ ನಾನಂತೂ ಅವನನ್ನೇ ಬಿಡುತ್ತೇನೆ. ಅವನ ಕೈಗೆ ಅಷ್ಟು ಹೊತ್ತು ಆ ಒದ್ದೆ ಬಾಲ್ ಅಭ್ಯಾಸ ಆಗಿರುತ್ತದೆ.

ಒಂದು ಗೋಲು ಹಿಂದಿದ್ದರೆ 50ನೇ ನಿಮಿಷದವರೆಗೆ ಏನೂ ಕದಲಿಸಬೇಡಿ. ಆಮೇಲೆ ಲೆಫ್ಟ್ ಬ್ಯಾಕ್‌ನನ್ನು ತೆಗೆದು ಇನ್ನೊಬ್ಬ ಸ್ಟ್ರೈಕರ್ ಹಾಕಿ, ಹಿಂದೆ ಮೂವರು ಸಾಕು. ಬಲಗಡೆ ಮಾತ್ರ ಮುಟ್ಟಬೇಡಿ.

ಶನಿವಾರ ಗ್ರೌಂಡ್ ನೋಡಿ ಬಂದ ಮೇಲೆ ಎರಡು ವಿಷಯ ಇಲ್ಲೇ ಬರೆಯಿರಿ: ನೀರು ಯಾವ ಗೋಲಿನ ಹತ್ತಿರ ನಿಂತಿದೆ, ಆ ವಿಂಗರ್ ಯಾವ ಕಾಲಿನವನು. ರೈಟ್ ಬ್ಯಾಕ್ ಯಾರಾಗಬೇಕು ಅಂತ ಅದನ್ನು ನೋಡಿ ಹೇಳುತ್ತೇನೆ. ರಾತ್ರಿ 10ರವರೆಗೆ ಎದ್ದಿರುತ್ತೇನೆ.