ಕೊಡಗಿನಲ್ಲಿ ಸೋಲಾರ್ ಹಾಕಿಸಿದರೆ ದುಡ್ಡು ವಾಪಸ್ ಬರುತ್ತದಾ?

ಕೆನಡಾದಲ್ಲಿರುವ ನಿಮ್ಮ ಅಣ್ಣ, ಹಿಮ ಬಿದ್ದು ಪ್ಯಾನೆಲ್ ಮುಚ್ಚಿಹೋಗುತ್ತದೆ, ಸೋಲಾರ್ ಬರೀ ನಷ್ಟ ಎಂದಿದ್ದಾರೆ. ಮಡಿಕೇರಿಯ ಮಳೆ, ಮಂಜಿಗೂ ಅದೇ ಗತಿಯಾ ಎಂದು ಕೇಳಿದ್ದೀರಿ. ಸೋಮವಾರಪೇಟೆ ಕಡೆ ನಮ್ಮ ಮನೆ ಮೇಲೂ ಪ್ಯಾನೆಲ್ ಇದೆ, ಹಾಗಾಗಿ ಹೇಳುತ್ತೇನೆ.

ಹಿಮದ ನಷ್ಟ ನಿಮ್ಮ ಅಣ್ಣ ಹೇಳುವಷ್ಟು ದೊಡ್ಡದಲ್ಲ. ಕೆನಡಾದ ಎಡ್ಮಂಟನ್‌ನಲ್ಲೇ ವರ್ಷಗಟ್ಟಲೆ ಅಳೆದು ನೋಡಿದ್ದಾರೆ. ಹಿಮದಿಂದ ಹೋಗುವುದು ಇಡೀ ವರ್ಷದ ಕರೆಂಟಿನಲ್ಲಿ ಸುಮಾರು 1ರಿಂದ 5 ಪರ್ಸೆಂಟ್ ಅಷ್ಟೇ. ಪ್ಯಾನೆಲ್ ಕಡಿದಾಗಿದ್ದಷ್ಟೂ ಹಿಮ ತಾನೇ ಜಾರಿಹೋಗುತ್ತದೆ. ಡಿಸೆಂಬರ್‌ನಲ್ಲಿ ಅಲ್ಲಿ ಹಗಲಿರುವುದೇ ಏಳೆಂಟು ಗಂಟೆ, ಮುಚ್ಚಿದರೂ ಕಳೆದುಕೊಳ್ಳುವುದು ಕಡಿಮೆ. ಆಳು ಕರೆಸಿ ಗುಡಿಸಿದರೆ ಕೂಲಿಯೇ ಜಾಸ್ತಿಯಾಗುತ್ತದೆ.

ನಮ್ಮ ಮಳೆಗಾಲದ ನಷ್ಟ ಇದಕ್ಕಿಂತ ಎಷ್ಟೋ ಹೆಚ್ಚು. ಜೂನ್‌ನಿಂದ ಆಗಸ್ಟ್‌ವರೆಗೆ ಮೋಡವೇ ಸರಿಯುವುದಿಲ್ಲ, ಅಲ್ವಾ? ಅದಕ್ಕೆ ಜುಲೈ ಬಿಲ್ ನೋಡಿ ತೀರ್ಮಾನ ಮಾಡಬೇಡಿ. ಹಾಕಿದ ಹಣ ವಾಪಸ್ ಕೊಡುವುದು ಡಿಸೆಂಬರ್‌ನಿಂದ ಏಪ್ರಿಲ್‌ವರೆಗಿನ ಬಿಸಿಲು, ಅಂದರೆ ಕಣದಲ್ಲಿ ಕಾಫಿ ಒಣಗುವ ಕಾಲದ್ದು. ಆಗ ನಮ್ಮಲ್ಲಿ ಬಯಲುಸೀಮೆಯಷ್ಟು ಸೆಕೆ ಇಲ್ಲದಿರುವುದೂ ಲಾಭವೇ. ಪ್ಯಾನೆಲ್ 25 ಡಿಗ್ರಿಗಿಂತ ಮೇಲೆ ಕಾದರೆ ಒಂದೊಂದು ಡಿಗ್ರಿಗೂ 0.3ರಿಂದ 0.4 ಪರ್ಸೆಂಟ್ ಕರೆಂಟ್ ಇಳಿಯುತ್ತದೆ. ಆ ತಿಂಗಳುಗಳಲ್ಲಿ ಸಿಲ್ವರ್ ಮರದ ನೆರಳು ಬೀಳದಂತೆ ಮೊದಲೇ ಮರಗಸಿ ಮಾಡಿಸಿ, ಅಂದರೆ ಕೊಂಬೆ ಕಡಿಸಿ.

ಮಳೆ ನಿಂತ ಮೇಲೆ ಪ್ಯಾನೆಲ್‌ನ ಕೆಳಗಿನ ಅಂಚು ನೋಡಿ. ಫ್ರೇಮಿನ ಪಟ್ಟಿಗೆ ತಾಗಿ ನೀರು ನಿಂತು, ಬೆರಳಗಲ ಹಸಿರು ಪಾಚಿ ಕಟ್ಟಿರುತ್ತದೆ. ಸಣ್ಣದೆಂದು ಬಿಡಬೇಡಿ. ಉದ್ದಕ್ಕೆ ನಿಲ್ಲಿಸಿದ ಪ್ಯಾನೆಲ್‌ನಲ್ಲಿ ಕೆಳಗಿನ ಒಂದು ಸಾಲು ಸೆಲ್ ಪೂರ್ತಿ ಮುಚ್ಚಿದರೆ ಸಾಕು, ಹಳೆ ಮಾದರಿಯದಾದರೆ ಇಡೀ ಪ್ಯಾನೆಲ್, ಈಗಿನ ಹಾಫ್‌ಕಟ್ (ಅರ್ಧ ಸೆಲ್‌ಗಳ) ಮಾದರಿಯದಾದರೆ ಸುಮಾರು ಅರ್ಧ ಮಲಗುತ್ತದೆ. ಹಿಮದ ನಾಡಿನಲ್ಲೂ ಜಾರದೆ ಉಳಿದ ಕೊನೆಯ ಪಟ್ಟಿಯದು ಇದೇ ತೊಂದರೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ, ಉಜ್ಜುವ ಬ್ರಷ್ ಬೇಡ.

ಇನ್ನು ದುಡ್ಡು. ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ. ಆದರೆ ಗೃಹಜ್ಯೋತಿಯಿಂದ ನಿಮಗೆ ಬಿಲ್ಲೇ ಬರುವುದಿಲ್ಲ ಎಂದರೆ ಸುಮ್ನೆ ಹಾಕಿಸಬೇಡಿ, ಉಳಿಸಲು ಏನೂ ಇಲ್ಲ. ಹೋಂಸ್ಟೇ ಇದ್ದು ತಿಂಗಳಿಗೆ 200 ಯೂನಿಟ್ ದಾಟುತ್ತಿದ್ದರೆ ಧೈರ್ಯವಾಗಿ ಹಾಕಿಸಿ.

ಒಂದು ಮಾತ್ರ ಗೊತ್ತಿರಲಿ. ಬ್ಯಾಟರಿ ಇಲ್ಲದೆ ಕರೆಂಟ್ ಲೈನಿಗೇ ಜೋಡಿಸುವ ಆನ್‌ಗ್ರಿಡ್ ಸೋಲಾರ್, ಲೈನಿನಲ್ಲಿ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಲೈನ್ ಸರಿಮಾಡುವವರ ಜೀವಕ್ಕೆ ಅಪಾಯ ಆಗಬಾರದೆಂದು ಹಾಗೆ ಮಾಡಿರುತ್ತಾರೆ. ಗಾಳಿಮಳೆಗೆ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇಲ್ಲದಾಗ ಅದನ್ನು ನಂಬಬೇಡಿ. ಮನೆಯಲ್ಲಿರುವ ಯುಪಿಎಸ್ ಮಾರದೆ ಇಟ್ಟುಕೊಳ್ಳಿ.